ಸೀಸೆಯಲ್ಲಿ ಉಳಿದ ಗುರುತು

ವಾಡಿ ಜಂಕ್ಷನ್ನಿನಲ್ಲಿ ಹೈದರಾಬಾದಿನ ಕಡೆಯ ಗಾಡಿಗಾಗಿ ಕಾಯುತ್ತ ಕುಳಿತವರು, ಗೋಡೆಗೆ ಅಂಟಿಸಿದ ರೈಲ್ವೆ ಪೊಲೀಸರ ಪ್ರಕಟಣೆಯನ್ನು ಎಂದಾದರೊಮ್ಮೆ ಓದಿಯೇ ಇರುತ್ತಾರೆ. ಅಪರಿಚಿತ ಗಂಡಸಿನ ಶವ, ವಯಸ್ಸು ಸುಮಾರು 40, ಎತ್ತರ ಐದೂವರೆ ಅಡಿ, ಗೋಧಿ ಮೈಬಣ್ಣ, ಕೋಲುಮುಖ, ಸಾಧಾರಣ ಮೈಕಟ್ಟು, ಮೈಮೇಲೆ ಬಿಳಿ ಅಂಗಿ; ವಾರಸುದಾರರು ಇದ್ದಲ್ಲಿ ಸಂಪರ್ಕಿಸತಕ್ಕದ್ದು. ಇಂಥ ಚಹರೆಪಟ್ಟಿಯನ್ನು ಓದಿ ತಲೆಯೆತ್ತಿದರೆ, ಅದರ ವರ್ಣನೆಗೆ ಒಪ್ಪುವ ಹತ್ತು ಜನ ಅದೇ ಪ್ಲಾಟ್‌ಫಾರಮ್ಮಿನ ಮೇಲೆ ಜೀವಂತರಾಗಿ ಓಡಾಡುತ್ತಿರುವುದು ಕಾಣುತ್ತದೆ. ಬರೆದ ಪೇದೆಯ ದೋಷ ಇದರಲ್ಲಿ ಏನೂ ಇಲ್ಲ. ಕಣ್ಣಿಗೆ ಕಂಡುದನ್ನು ಆತನು ಬರೆದಿರುವನು. ಆದರೆ ಕಲಬುರಗಿ ಸೀಮೆಯ ಬೇಸಗೆಯಲ್ಲಿ, ನೆರಳಿನಲ್ಲಿಯೂ 40 ಡಿಗ್ರಿಯನ್ನು ಮೀರುವ ಉರಿಯಲ್ಲಿ, ಶವದ ಮುಖವು ಎರಡು ದಿನ ತುಂಬುವುದರೊಳಗಾಗಿ ಹೆತ್ತ ತಾಯಿಯೂ ಗುರುತಿಸಲಾರದಷ್ಟು ಮಾರ್ಪಡುತ್ತದೆ. ಕಣ್ಣು ಹೇಳಬಹುದಾದುದು ಅಲ್ಲಿಗೆ ಮುಗಿಯುತ್ತದೆ.

1874ರಲ್ಲಿ ನಿಜಾಮರ ರೈಲುದಾರಿಯು ವಾಡಿಯಿಂದ ಸಿಕಂದರಾಬಾದಿನವರೆಗೆ ತೆರೆದಂದಿನಿಂದ ಚಿತ್ತಾಪುರ, ಸೇಡಂಗಳ ಜನರ ದೃಷ್ಟಿ ಪೂರ್ವದಿಕ್ಕಿಗೆ ಹೊರಳಿತೆನ್ನಬಹುದು. ಚಿಂಚೋಳಿಯ ತಾಂಡಾಗಳಿಂದ ಹೈದರಾಬಾದು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವವರು ಎಷ್ಟೋ ಮಂದಿ. ಶಹಾಬಾದಿನ ಫರಸಿಯ ಗಣಿಗಳಿಗೂ, ವಾಡಿ ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿಗೂ ದೂರದ ರಾಜ್ಯಗಳಿಂದ ಕೂಲಿಗಾಗಿ ಬರುವವರು ಎಷ್ಟೋ ಮಂದಿ. ಹೀಗೆ ಬರುವವರೂ ಹೋಗುವವರೂ ಒಂದೇ ಹಳಿಯ ಮೇಲೆ ಸಂಧಿಸುವ ನಾಡಿನಲ್ಲಿ, ಮನುಷ್ಯನು ಹುಟ್ಟಿದ ಊರಿಗೂ ಕಡೆಯುಸಿರೆಳೆದ ಊರಿಗೂ ಯಾವ ನಂಟೂ ಇಲ್ಲದೆ ಹೋಗುವುದು ಆಶ್ಚರ್ಯವಲ್ಲ. ಬೇವಾರಸಿ ಎಂದು ನಾವು ಸುಲಭವಾಗಿ ಆಡಿಬಿಡುವ ಮಾತು ಬಹುಮಟ್ಟಿಗೆ ಅಸತ್ಯವಾದುದು. ವಾರಸುದಾರರು ಇರುತ್ತಾರೆ, ಎಲ್ಲಿಯೋ ಒಂದು ಮನೆಯ ಜಗುಲಿಯ ಮೇಲೆ ಕುಳಿತು ಹಾದಿ ನೋಡುತ್ತಿರುತ್ತಾರೆ, ಅವರಿಗೂ ಈ ದೇಹಕ್ಕೂ ನಡುವಣ ಕೊಂಡಿ ಮಾತ್ರ ಕಳಚಿರುತ್ತದೆ.

ಆ ಕೊಂಡಿಯನ್ನು ಮರಳಿ ಕೂಡಿಸಬಲ್ಲ ಸಾಧನಗಳಲ್ಲಿ ಡಿ.ಎನ್.ಎ.ಯೇ ಪ್ರಮುಖವೆಂಬುದು ಇಂದು ಎಲ್ಲರೂ ಬಲ್ಲ ಸಂಗತಿ. ಅಷ್ಟಾಗಿ ತಿಳಿಯದ ಸಂಗತಿ ಇನ್ನೊಂದುಂಟು. ಪಂಚನಾಮೆ ಮುಗಿದು, ಮರಣೋತ್ತರ ಪರೀಕ್ಷೆ ನಡೆದು, ದೇಹದ ತುಣುಕೊಂದನ್ನು ಸೀಸೆಗೆ ಹಾಕುವಾಗ, ಆ ಸೀಸೆಯೊಳಗೆ ಯಾವ ದ್ರವವಿದೆಯೆಂಬುದರ ಮೇಲೆ, ಮುಂದೆ ಮಹಾನಗರದ ಪ್ರಯೋಗಾಲಯವು ಎಷ್ಟೇ ಸುಸಜ್ಜಿತವಾಗಿರಲಿ, ಸತ್ತವನ ಹೆಸರು ದೊರೆಯುವುದೂ ದೊರೆಯದಿರುವುದೂ ಬಹಳ ಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ. ವಿಷಪ್ರಯೋಗದ ಶಂಕೆಯಿದ್ದರೆ ಕರುಳು, ಜಠರ, ಯಕೃತ್ತುಗಳನ್ನು ಉಪ್ಪಿನ ಪರ್ಯಾಪ್ತ ದ್ರಾವಣದಲ್ಲಿಡುವುದು ನಮ್ಮ ದೇಶದ ವಾಡಿಕೆ. ರೋಗವೇನೆಂಬುದನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡಬೇಕಾದರೆ ಅದೇ ಅಂಗಗಳ ತುಣುಕುಗಳನ್ನು ಫಾರ್ಮಲಿನ್ನಿನಲ್ಲಿಡುತ್ತಾರೆ. ಇದಲ್ಲದೆ, 1957ರ ಕರ್ನಾಟಕ ಅಂಗರಚನಾಶಾಸ್ತ್ರ ಅಧಿನಿಯಮದ ಮೇರೆಗೆ ವಾರಸುದಾರರಿಲ್ಲದ ಶವವು ವೈದ್ಯಕೀಯ ವಿದ್ಯಾಲಯಕ್ಕೆ ಸೇರಿ, ವಿದ್ಯಾರ್ಥಿಗಳ ವ್ಯಾಸಂಗಕ್ಕಾಗಿ ಇಡೀ ದೇಹವೇ ಫಾರ್ಮಲಿನ್ನಿನಲ್ಲಿ ನೆನೆಯುವುದೂ ಉಂಟು. ಬಂಧುಗಳು ತಿಂಗಳುಗಳ ಬಳಿಕ ಹುಡುಕುತ್ತ ಬಂದರೆ, ಉಳಿದಿರುವುದು ಈ ರಸಾಯನದಲ್ಲಿ ಗಟ್ಟಿಯಾದ ಮಾಂಸ ಮಾತ್ರ. ಅದರಿಂದ ಗುರುತನ್ನು ಹೊರತೆಗೆಯುವುದು ಸಾಧ್ಯವೇ ಎಂಬುದೇ ಈ ಲೇಖನದ ವಿಷಯ.

ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ರಷ್ಯಾದ ಬುಟ್ಲೆರೋವ್ 1859ರಲ್ಲಿ ಮೊದಲು ಕಂಡನು. ಅದನ್ನು ನೀರಿನಲ್ಲಿ ಕರಗಿಸಿದ ದ್ರವವೇ ಫಾರ್ಮಲಿನ್. ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಫರ್ಡಿನೆಂಡ್ ಬ್ಲೂಮ್, ರೋಗಾಣುಗಳನ್ನು ಕೊಲ್ಲುವ ಗುಣ ಇದರಲ್ಲಿ ಎಷ್ಟಿದೆಯೆಂದು ಪರೀಕ್ಷಿಸುತ್ತಿದ್ದಾಗ ತನ್ನ ಬೆರಳುಗಳ ಚರ್ಮವೇ ಬಿರುಸಾದುದನ್ನು ಗಮನಿಸಿ, ಜೀವಕೋಶಗಳನ್ನು ಕೆಡದಂತೆ ನಿಲ್ಲಿಸುವ ಶಕ್ತಿ ಇದಕ್ಕಿದೆಯೆಂದು 1893ರಲ್ಲಿ ಪ್ರಕಟಿಸಿದನು. ಅಂದಿನಿಂದ ಜಗತ್ತಿನ ಆಸ್ಪತ್ರೆಗಳ ಕಪಾಟುಗಳಲ್ಲಿ ಇದರದೇ ಪ್ರಭುತ್ವ. ಕಣ್ಣು ಮೂಗುಗಳನ್ನು ಉರಿಸುವ ಆ ವಾಸನೆಯನ್ನು ಶವಾಗಾರದ ಬಾಗಿಲವರೆಗೆ ಹೋದವರು ಮರೆಯಲಾರರು.

ಕೊಳೆಯುವಿಕೆಯನ್ನು ಇದು ತಡೆಯುವ ಬಗೆಯನ್ನು ಗಾರೆಯ ಕೆಲಸಕ್ಕೆ ಹೋಲಿಸಿದರೆ ತಿಳಿಯುವುದು ಸುಲಭ. ಸುಣ್ಣದ ಗಾರೆಯು ಕಲ್ಲಿಗೆ ಕಲ್ಲನ್ನು ಬಿಗಿದು, ಮಳಖೇಡದ ಕೋಟೆಯ ಗೋಡೆಗಳಂತೆ ಶತಮಾನಗಳ ಕಾಲ ನಿಲ್ಲಿಸುತ್ತದೆ. ಫಾರ್ಮಾಲ್ಡಿಹೈಡಿನ ಅಣುವೂ ಜೀವಕೋಶದೊಳಗೆ ನುಸುಳಿ, ಒಂದು ಪ್ರೋಟೀನಿಗೂ ಮತ್ತೊಂದಕ್ಕೂ, ಪ್ರೋಟೀನಿಗೂ ಡಿ.ಎನ್.ಎ.ಗೂ ನಡುವೆ ಇಂಗಾಲದ ಒಂದೊಂದು ಸೇತುವೆಯನ್ನು ಕಟ್ಟುತ್ತದೆ. ಕೋಶವನ್ನು ಒಳಗಿನಿಂದಲೇ ಜೀರ್ಣಿಸುವ ಕಿಣ್ವಗಳು ಇದ್ದಲ್ಲಿಯೇ ಸ್ತಬ್ಧವಾಗುತ್ತವೆ, ರೂಪವು ಉಳಿಯುತ್ತದೆ. ರೋಗನಿದಾನದ ವೈದ್ಯರಿಗೆ ಬೇಕಾದುದು ರೂಪವೇ ಆದುದರಿಂದ ಅವರಿಗೆ ಇದು ವರವಾಯಿತು. ಡಿ.ಎನ್.ಎ.ಯನ್ನು ಓದಬೇಕಾದವರಿಗಾದರೋ, ಓಲೆಗರಿಯ ಕಟ್ಟೊಂದನ್ನು ಗಾರೆಯಲ್ಲಿ ಅದ್ದಿ ಒಣಗಿಸಿ ಕೈಗಿತ್ತಂತಾಯಿತು.

ಬಿಗಿತವೊಂದೇ ಆಗಿದ್ದರೆ ಬಿಡಿಸಿಕೊಳ್ಳಬಹುದಿತ್ತು. ಇದಕ್ಕಿಂತ ಹೆಚ್ಚಿನ ಹಾನಿ ಇನ್ನೊಂದು ಕಡೆಯಿಂದ ಬರುತ್ತದೆ. ಹಳೆಯದಾದ ಫಾರ್ಮಲಿನ್ ಗಾಳಿಯ ಸಂಪರ್ಕದಿಂದ ಮೆಲ್ಲಮೆಲ್ಲನೆ ಫಾರ್ಮಿಕ್ ಆಮ್ಲವಾಗಿ, ಎಂದರೆ ಇರುವೆಯ ಕಡಿತದಲ್ಲಿರುವ ಅದೇ ಆಮ್ಲವಾಗಿ, ಮಾರ್ಪಡುತ್ತದೆ. ಈ ಹುಳಿಯು ಡಿ.ಎನ್.ಎ.ಯ ಎಳೆಯಿಂದ ಅಡೆನಿನ್, ಗ್ವಾನಿನ್ ಎಂಬ ಅಕ್ಷರಗಳನ್ನು ಕಳಚುತ್ತದೆ. ಅಕ್ಷರ ಕಳಚಿದ ಜಾಗದಲ್ಲಿ ಎಳೆ ಬಲಹೀನವಾಗಿ ತುಂಡಾಗುತ್ತದೆ. ದಿನ ಕಳೆದಂತೆಲ್ಲ ಉದ್ದವಾದ ಎಳೆಗಳು ನೂರು ಇನ್ನೂರು ಅಕ್ಷರಗಳ ಚೂರುಗಳಾಗಿ ಉದುರುತ್ತವೆ.

ಇದಕ್ಕೆ ಹಿಂದಿನ ಪ್ರಯೋಗಶಾಲೆಗಳು ಮಾಡುತ್ತಿದ್ದ ಉಪಾಯವನ್ನು ಶಹಾಬಾದಿನವರ ಮುಂದೆ ಹೇಳಲು ನನಗೆ ವಿಶೇಷ ಸಂತೋಷ. ಫಾರ್ಮಲಿನ್ನಿನ ಸೀಸೆಯ ತಳದಲ್ಲಿ ಅಮೃತಶಿಲೆಯ ಚೂರುಗಳನ್ನೋ ಸುಣ್ಣದ ಕಾರ್ಬೊನೇಟಿನ ಪುಡಿಯನ್ನೋ ಹಾಕಿಡುತ್ತಿದ್ದರು. ಹುಳಿಯು ಹುಟ್ಟಿದ ಹಾಗೆಲ್ಲ ಆ ಸುಣ್ಣವು ಅದನ್ನು ನುಂಗಿ ಶಮನ ಮಾಡುತ್ತಿತ್ತು. ಕ್ಯಾಲ್ಸಿಯಂ ಕಾರ್ಬೊನೇಟ್ ಎಂದರೆ ಬೇರೇನೂ ಅಲ್ಲ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಫರಸಿಯಲ್ಲಿ, ವಾಡಿಯ ಸಿಮೆಂಟಿಗೆ ಕುಟ್ಟಿ ಸುಡುವ ಕಲ್ಲಿನಲ್ಲಿ, ಮುಖ್ಯವಾಗಿ ಇರುವುದು ಅದೇ ವಸ್ತು. ಈಗ ಅದರ ಸ್ಥಾನಕ್ಕೆ ಫಾಸ್ಫೇಟ್ ಲವಣಗಳು ಬಂದಿವೆ. ಹಾಗೆ ಹುಳಿ ತಗ್ಗಿಸಿದ ಫಾರ್ಮಲಿನ್ನಿನಲ್ಲಿ ಒಂದೆರಡು ದಿನ ಮಾತ್ರ ಇದ್ದು, ಕೂಡಲೇ ಮೇಣದಲ್ಲಿ ಹುದುಗಿಸಲ್ಪಟ್ಟ ತುಣುಕಿನಿಂದ ಡಿ.ಎನ್.ಎ. ತೆಗೆಯುವುದು ಕಷ್ಟಸಾಧ್ಯವೇ ಹೊರತು ಅಸಾಧ್ಯವಲ್ಲ. ಸಾದಾ ಫಾರ್ಮಲಿನ್ನಿನಲ್ಲಿ ವರ್ಷಗಟ್ಟಲೆ ಮುಳುಗಿರುವ ಮಾಂಸವೇ ನಿಜವಾಗಿ ಎದೆಗುಂದಿಸುವಂಥದು.

ಚೂರುಗಳಾದ ಬರಹದಿಂದ ಅರ್ಥ ತೆಗೆಯುವ ವಿದ್ಯೆಗೆ ಉದಾಹರಣೆಯನ್ನು ನಾನು ದೂರ ಹುಡುಕಬೇಕಾಗಿಲ್ಲ. ಚಿತ್ತಾಪುರ ತಾಲ್ಲೂಕಿನಲ್ಲಿಯೇ, ಭೀಮಾತೀರದ ಸನ್ನತಿಯಲ್ಲಿ ಅದು ಇದೆ. ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಅಶೋಕನ ಧರ್ಮಲಿಪಿಯನ್ನು ಕೆತ್ತಿದ ಚಪ್ಪಡಿಯೊಂದು ಯಾವ ಕಾಲದಲ್ಲಿಯೋ ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹವನ್ನು ಕೂರಿಸುವುದಕ್ಕೆಂದು ಅದರ ನಡುವೆ ರಂಧ್ರ ಕೊರೆದಿದ್ದರಿಂದ ಅಲ್ಲಿದ್ದ ಅಕ್ಷರಗಳೆಲ್ಲ ನಷ್ಟವಾಗಿದ್ದವು. ಹಾಗಿದ್ದರೂ ವಿದ್ವಾಂಸರು ಅದನ್ನು ಗುರುತಿಸಿದರು. ಉಳಿದ ಪದಗಳನ್ನು ಒಡಿಶಾದ ಧೌಲಿ, ಜೌಗಡಗಳ ಬಂಡೆಗಳ ಮೇಲಿರುವ ಪಾಠಗಳೊಡನೆ ಹೋಲಿಸಿ, ಅವೇ ಪ್ರತ್ಯೇಕ ಶಾಸನಗಳು ಇಲ್ಲಿಯೂ ಇವೆಯೆಂದು ತೋರಿಸಿಕೊಟ್ಟರು. ಹಾನಿಗೊಂಡ ಪ್ರತಿಯನ್ನು ಅದರ ಬಂಧುಪ್ರತಿಗಳ ನೆರವಿನಿಂದ ಓದುವ ಈ ಕ್ರಮವೇ ಪ್ರಯೋಗಾಲಯದಲ್ಲಿಯೂ ನಡೆಯುವುದು. ದೊಡ್ಡ ವಾಕ್ಯ ಸಿಕ್ಕದಿದ್ದರೆ ಚಿಕ್ಕ ಪದ ಸಾಕು, ಹೋಲಿಸಿ ನೋಡಲು ಒಡಹುಟ್ಟಿದ ಪ್ರತಿ ದೊರೆತರೆ.

ಈಗ ಕೆಲಸದ ವಿವರಕ್ಕೆ ಬರೋಣ. ಸೀಸೆಯಿಂದ ತೆಗೆದ ಮಾಂಸದ ತುಣುಕನ್ನು ಮೊದಲು ತೊಳೆಯಬೇಕು. ಇದು ನೀರಿನಲ್ಲಿ ಅದ್ದಿ ತೆಗೆಯುವ ತೊಳೆತವಲ್ಲ. ಹುಳಿಯೂ ಕ್ಷಾರವೂ ಅಲ್ಲದ ಲವಣದ್ರಾವಣವನ್ನು ಮತ್ತೆ ಮತ್ತೆ ಬದಲಿಸುತ್ತ, ಒಂದು ಹಗಲು ಒಂದು ರಾತ್ರಿಯೋ ಅದಕ್ಕಿಂತ ಹೆಚ್ಚೋ ನೆನೆಸಿಟ್ಟು, ಒಳಗೆ ಹೊಕ್ಕ ಫಾರ್ಮಲಿನ್ನನ್ನು ನಿಧಾನವಾಗಿ ಹೊರಕ್ಕೆ ಸೆಳೆಯಬೇಕು. ಕೆಲವರು ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ಸೇರಿಸುವುದುಂಟು. ಬಿಡಿಯಾಗಿ ಉಳಿದ ಫಾರ್ಮಾಲ್ಡಿಹೈಡ್ ಡಿ.ಎನ್.ಎ.ಯನ್ನು ಬಿಟ್ಟು ಅದನ್ನೇ ಹಿಡಿಯಲಿ ಎಂಬುದು ಅದರ ಉದ್ದೇಶ. ತುಣುಕು ಮೇಣದಲ್ಲಿದ್ದರೆ, ಕ್ಸೈಲೀನ್ ಎಂಬ ದ್ರಾವಕದಿಂದ ಮೇಣವನ್ನು ಕರಗಿಸಿ, ಆಲ್ಕೋಹಾಲಿನಿಂದ ಆ ಕ್ಸೈಲೀನನ್ನು ತೊಳೆದು, ಬಳಿಕ ಮುಂದುವರಿಯಬೇಕು.

ಅನಂತರ ಅದನ್ನು ಸಾಧ್ಯವಾದಷ್ಟು ಸಣ್ಣದಾಗಿ ಕೊಚ್ಚಿ ಪ್ರೋಟೀನೇಸ್-ಕೆ ಎಂಬ ಕಿಣ್ವವನ್ನು ಬೆರೆಸುತ್ತಾರೆ. ಒಂದು ಬಗೆಯ ಬೂಸಿನಿಂದ ದೊರೆತ ಈ ಕಿಣ್ವಕ್ಕೆ, ಕೂದಲು ಉಗುರುಗಳ ಕೆರಾಟಿನ್ನನ್ನೂ ಅರಗಿಸಬಲ್ಲ ಸಾಮರ್ಥ್ಯದಿಂದಾಗಿಯೇ ಆ ಕೆ ಅಕ್ಷರ ಸೇರಿತು. ತಾಜಾ ಮಾಂಸವಾದರೆ ಇದರಿಂದ ಕೆಲವು ಗಂಟೆಗಳಲ್ಲಿ ನೀರಾಗಿಬಿಡುತ್ತದೆ. ಫಾರ್ಮಲಿನ್ನಿನ ಮಾಂಸಕ್ಕೆ 56 ಡಿಗ್ರಿಯ ಶಾಖದಲ್ಲಿ ಎರಡು ಮೂರು ದಿನ ಬೇಕಾಗುತ್ತದೆ, ನಡುನಡುವೆ ಹೊಸ ಕಿಣ್ವವನ್ನು ಊಡಬೇಕಾಗುತ್ತದೆ. ಪ್ರೋಟೀನು ಕರಗಿದ ಮೇಲೂ ಡಿ.ಎನ್.ಎ.ಗೆ ಅಂಟಿದ ಸೇತುವೆಗಳ ಅವಶೇಷ ಉಳಿದಿರುತ್ತದೆ. ಅವನ್ನು ಮುರಿಯುವುದು ಶಾಖದಿಂದ: ಸುಮಾರು 90 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಫಾರ್ಮಾಲ್ಡಿಹೈಡ್ ಕಟ್ಟಿದ ಬಂಧಗಳು ಬಹಳಷ್ಟು ತಾವಾಗಿ ಬಿಚ್ಚಿಕೊಳ್ಳುತ್ತವೆ. ಇಲ್ಲಿಯೇ ಈ ವಿದ್ಯೆಯ ನಾಜೂಕು ಇರುವುದು. ಶಾಖ ಕಡಮೆಯಾದರೆ ಗಾರೆ ಬಿಡುವುದಿಲ್ಲ, ಹೆಚ್ಚಾದರೆ ಓಲೆಯೇ ಸುಟ್ಟುಹೋಗುತ್ತದೆ. ಈ ಎರಡರ ನಡುವಣ ಕಿರಿದಾದ ಹಾದಿಯಲ್ಲಿ ನಡೆಯಬಲ್ಲವನ ಕೈಗೆ ಮಾತ್ರ ಡಿ.ಎನ್.ಎ. ಸಿಕ್ಕುತ್ತದೆ. ಕೊನೆಗೆ ಸಿಲಿಕಾದ ತೆಳುಪೊರೆಯ ಮೂಲಕ ದ್ರವವನ್ನು ಸೋಸಿದರೆ ಡಿ.ಎನ್.ಎ. ಅದಕ್ಕೆ ಹಿಡಿದುಕೊಂಡು ಉಳಿದ ಕಲ್ಮಷ ಹರಿದುಹೋಗುತ್ತದೆ. ಹೀಗೆ ದೊರೆತುದು ಕಣ್ಣಿಗೆ ಕಾಣುವ ಪರಿಮಾಣದ್ದಲ್ಲ. ಆದುದರಿಂದ ಪ್ರತಿಯೊಂದು ಮಾದರಿಯ ಜತೆಗೂ ಏನನ್ನೂ ಹಾಕದ ಖಾಲಿ ನಳಿಗೆಯೊಂದನ್ನು ಮೊದಲಿನಿಂದ ಕಡೆಯವರೆಗೆ ಇದೇ ಸಂಸ್ಕಾರಗಳಿಗೆಲ್ಲ ಒಳಪಡಿಸಿ, ಪರೀಕ್ಷಕನ ಉಸಿರಿನಿಂದಲೋ ಕೈಯಿಂದಲೋ ಅನ್ಯರ ಡಿ.ಎನ್.ಎ. ಬೆರೆತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.

ಇನ್ನು ಓದುವ ಹಂತ. ಮನುಷ್ಯರ ಡಿ.ಎನ್.ಎ.ಯಲ್ಲಿ ಅಲ್ಲಲ್ಲಿ ನಾಲ್ಕಕ್ಷರದ ಪದವೊಂದು ಭಜನೆಯ ಪಲ್ಲವಿಯಂತೆ ಮತ್ತೆ ಮತ್ತೆ ಬರುವ ತಾಣಗಳಿವೆ. ಒಬ್ಬರಲ್ಲಿ ಅದು ಒಂಬತ್ತು ಸಲ ಬಂದರೆ ಇನ್ನೊಬ್ಬರಲ್ಲಿ ಹದಿಮೂರು ಸಲ ಬಂದೀತು. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಪ್ರತಿ ತಾಣದಲ್ಲಿಯೂ ಎರಡೆರಡು ಎಣಿಕೆ. ಇಂಥ ಇಪ್ಪತ್ತು ತಾಣಗಳ ಎಣಿಕೆಯೆಲ್ಲ ಕೂಡಿದರೆ, ತದ್ರೂಪಿ ಅವಳಿಗಳನ್ನು ಬಿಟ್ಟು ಬೇರೆ ಇಬ್ಬರು ಒಂದೇ ಆಗುವುದು ಕಲ್ಪನೆಗೆ ಮೀರಿದ್ದು. ಆದರೆ ಪಲ್ಲವಿಯನ್ನು ಎಣಿಸಬೇಕಾದರೆ ಅದರ ಎರಡು ತುದಿಗಳೂ ಒಂದೇ ಚೂರಿನಲ್ಲಿ ಇರಬೇಕಷ್ಟೆ. ಸಾಮಾನ್ಯ ಪರೀಕ್ಷೆಯಲ್ಲಿ ಕೆಲವು ತಾಣಗಳಿಗೆ ನಾನ್ನೂರು ಅಕ್ಷರಗಳಷ್ಟು ಅಖಂಡವಾದ ಎಳೆ ಬೇಕು. ಫಾರ್ಮಲಿನ್ನಿನಲ್ಲಿ ನೆನೆದುದರಲ್ಲಿ ಅಷ್ಟುದ್ದದ ಎಳೆ ಎಲ್ಲಿಯದು? ಅಮೆರಿಕದ ಜಾನ್ ಬಟ್ಲರ್ ಮೊದಲಾದವರು ರೂಪಿಸಿದ ಕಿರು ಪರೀಕ್ಷೆಗಳು ಇದಕ್ಕೆ ಪರಿಹಾರ ತಂದವು. ಪಲ್ಲವಿಗೆ ಆದಷ್ಟು ಹತ್ತಿರದಲ್ಲಿಯೇ ಗುರುತುಗಳನ್ನು ನೆಟ್ಟು, ನೂರು ನೂರೈವತ್ತು ಅಕ್ಷರಗಳ ಚೂರಿನಿಂದಲೇ ಎಣಿಕೆ ಮುಗಿಸುವ ಈ ಕ್ರಮವು 2001ರ ನ್ಯೂಯಾರ್ಕಿನ ಅವಳಿ ಗೋಪುರಗಳ ದುರಂತದಲ್ಲಿ ಮಡಿದವರನ್ನು ಗುರುತಿಸುವಲ್ಲಿಯೂ ಬಳಕೆಗೆ ಬಂತು. ಅದೂ ಫಲಿಸದಿದ್ದರೆ ಮೈಟೊಕಾಂಡ್ರಿಯದ ಮೊರೆಹೋಗಬೇಕು. 16,569 ಅಕ್ಷರಗಳ ಆ ಕಿರಿಯ ವರ್ತುಲವು ಒಂದೊಂದು ಕೋಶದಲ್ಲಿಯೂ ನೂರಾರು ಸಾವಿರಾರು ಪ್ರತಿಗಳಲ್ಲಿ ಇರುವುದರಿಂದ ಒಂದಿಲ್ಲೊಂದು ಚೂರು ಉಳಿದಿರುತ್ತದೆ. ತಾಯಿಯಿಂದ ಮಾತ್ರ ಬರುವುದರಿಂದ, ಒಡಹುಟ್ಟಿದವರ ಅಥವಾ ಅಕ್ಕತಂಗಿಯರ ಮಕ್ಕಳ ರಕ್ತದೊಡನೆಯೂ ಅದನ್ನು ಹೋಲಿಸಬಹುದು. ಒಂದೇ ತಾಯಿಕುಲದವರಿಗೆಲ್ಲ ಅದು ಸಮಾನವಾದುದರಿಂದ ಕುಲವನ್ನು ಹೇಳೀತೇ ಹೊರತು ವ್ಯಕ್ತಿಯನ್ನೇ ಬೊಟ್ಟುಮಾಡಿ ತೋರಿಸಲಾರದು.

ಎಚ್ಚರಿಕೆಯೊಂದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಫಾರ್ಮಲಿನ್ ಡಿ.ಎನ್.ಎ.ಯನ್ನು ಹರಿಯುವುದಷ್ಟೇ ಅಲ್ಲ, ತಿದ್ದುವುದೂ ಉಂಟು. ಸೈಟೊಸಿನ್ ಎಂಬ ಅಕ್ಷರವು ತನ್ನ ಅಮೈನೋ ಭಾಗವನ್ನು ಕಳೆದುಕೊಂಡು ಯುರಾಸಿಲ್ ಆಗಿ, ಓದುವ ಯಂತ್ರಕ್ಕೆ ಥೈಮಿನ್ ಎಂದೇ ಕಾಣಿಸಿಕೊಳ್ಳುತ್ತದೆ. ಎರಡು ಎಣಿಕೆಗಳಲ್ಲಿ ಒಂದು ಸಂಪೂರ್ಣ ಅಳಿಸಿಹೋಗಿ, ತಾಯಿತಂದೆಗಳಿಬ್ಬರಿಂದಲೂ ಒಂದೇ ಎಣಿಕೆ ಬಂದಂತೆ ತೋರುವುದೂ ಉಂಟು. ಯುರಾಸಿಲನ್ನು ಹುಡುಕಿ ಕತ್ತರಿಸುವ ಕಿಣ್ವವೊಂದು ಮೊದಲನೆಯ ದೋಷಕ್ಕೆ ಮದ್ದು; ಎರಡನೆಯದಕ್ಕೆ ಅದೇ ಪರೀಕ್ಷೆಯನ್ನು ಎರಡು ಮೂರು ಸಲ ಪ್ರತ್ಯೇಕವಾಗಿ ನಡೆಸಿ ಒಮ್ಮತವಾದುದನ್ನು ಮಾತ್ರ ಸ್ವೀಕರಿಸುವುದು ಬಿಟ್ಟರೆ ಬೇರೆ ಮದ್ದಿಲ್ಲ. ಅರೆಬರೆ ಓದಿನ ಮೇಲೆ ಒಬ್ಬ ತಾಯಿಗೆ ‘ಇವನೇ ನಿನ್ನ ಮಗ’ ಎಂದುಬಿಡುವುದು, ಏನನ್ನೂ ಹೇಳದಿರುವುದಕ್ಕಿಂತ ಘೋರವಾದ ಅಪರಾಧವೆಂದು ನಾನು ಭಾವಿಸುತ್ತೇನೆ.

ಹೀಗೆ ಸಂರಕ್ಷಿತ ತುಣುಕೊಂದು ಜಗತ್ತಿನ ಪ್ರಸಿದ್ಧ ಒಗಟನ್ನು ಬಿಡಿಸಿದ ಕಥೆಯುಂಟು. 1920ರಲ್ಲಿ ಬರ್ಲಿನ್ನಿನ ಕಾಲುವೆಯಿಂದ ಮೇಲೆತ್ತಲ್ಪಟ್ಟ ಹೆಂಗಸೊಬ್ಬಳು, ತಾನು ರಷ್ಯಾದ ಕೊನೆಯ ಚಕ್ರವರ್ತಿಯ ಮಗಳು ಅನಸ್ತಾಸಿಯಾ ಎಂದು ಮುಂದೆ ಸಾಧಿಸತೊಡಗಿದಳು. ಆನಾ ಆ್ಯಂಡರ್ಸನ್ ಎಂಬ ಹೆಸರಿನಿಂದ ಪ್ರಸಿದ್ಧಳಾದ ಆಕೆಯ ಪರ ವಿರುದ್ಧವಾಗಿ ದಶಕಗಳ ಕಾಲ ವ್ಯಾಜ್ಯ ನಡೆಯಿತು. 1984ರಲ್ಲಿ ಆಕೆ ಅಮೆರಿಕದ ವರ್ಜೀನಿಯಾದಲ್ಲಿ ತೀರಿಕೊಂಡಳು, ದೇಹವನ್ನು ದಹನಮಾಡಲಾಯಿತು. ಗುರುತು ಬೂದಿಯಾಯಿತೆಂದು ಎಲ್ಲರೂ ತಿಳಿದಿದ್ದಾಗ, 1979ರಲ್ಲಿ ಆಕೆಗೆ ನಡೆದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳಿನ ತುಣುಕು ಅಲ್ಲಿನ ಆಸ್ಪತ್ರೆಯಲ್ಲಿ ಮೇಣದೊಳಗೆ ಉಳಿದುಬಂದಿರುವುದು ಬೆಳಕಿಗೆ ಬಂತು. ಬ್ರಿಟನ್ನಿನ ಪೀಟರ್ ಗಿಲ್ ಮತ್ತು ಸಂಗಡಿಗರು ಅದರಿಂದ ಡಿ.ಎನ್.ಎ. ತೆಗೆದು 1994ರಲ್ಲಿ ಫಲಿತಾಂಶವನ್ನು ಹೊರಗೆಡಹಿದರು: ಆಕೆ ರಾಜವಂಶದವಳಲ್ಲ; ಫ್ರಾಂಜಿಸ್ಕಾ ಶಾಂಜ್‌ಕೋವ್‌ಸ್ಕಾ ಎಂಬ ಪೋಲಿಷ್ ಮೂಲದ ಕಾರ್ಮಿಕ ಹೆಣ್ಣಿನ ತಾಯಿಕುಲದೊಡನೆ ಆ ಬರಹ ತಾಳೆಯಾಗುತ್ತಿತ್ತು. ಸುಡುವ ಸಂಪ್ರದಾಯವೂ ಇರುವ ನಮ್ಮಲ್ಲಿ ಈ ಕಥೆಗೆ ವಿಶೇಷವಾದ ಅರ್ಥವಿದೆ. ದೇಹ ಬೂದಿಯಾದ ಮೇಲೆಯೂ, ಹಿಂದೆ ಯಾವಾಗಲೋ ಗಂಟಿನ ಪರೀಕ್ಷೆಗೆಂದು ದವಾಖಾನೆಯಲ್ಲಿ ಕೊಟ್ಟ ಕಾಳಿನಷ್ಟು ಮಾಂಸ ಸತ್ತವನ ಗುರುತನ್ನು ಕಾಯ್ದಿಟ್ಟಿರಬಹುದು.

ಹೋಲಿಸುವ ಪ್ರತಿ ದೊರೆಯದಿದ್ದರೆ ಏನಾಗುವುದೆಂಬುದನ್ನು ಕರ್ನಾಟಕವು ಬಹು ದುಃಖದಿಂದ ಕಂಡಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ಕಂದಕಕ್ಕುರುಳಿ 158 ಜನ ಮಡಿದರು. ಬದುಕಿದವರು 8 ಮಂದಿ. ಅದು ಫಾರ್ಮಲಿನ್ನಿನ ಪ್ರಸಂಗವಲ್ಲ, ಬೆಂಕಿಯದು. ಗುರುತು ಹತ್ತದಷ್ಟು ಸುಟ್ಟುಹೋದವರ ಮಾದರಿಗಳನ್ನು ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ನಿದಾನ ಕೇಂದ್ರವು ಬಂಧುಗಳ ರಕ್ತದೊಡನೆ ಹೋಲಿಸಿ ನೋಡಿತು. ಆದರೂ 12 ದೇಹಗಳು ಯಾರಿಗೂ ತಾಳೆಯಾಗದೆ ಉಳಿದವು. ದುರಂತದ ಗಡಿಬಿಡಿಯಲ್ಲಿ ಅನೇಕ ದೇಹಗಳು ಕಣ್ಣಂದಾಜಿನ ಮೇಲೆಯೇ ಹಸ್ತಾಂತರವಾಗಿದ್ದವು. ಆ ಹನ್ನೆರಡನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಒಟ್ಟಿಗೆ ಮಣ್ಣುಮಾಡಿದರು. ಅವರ ಡಿ.ಎನ್.ಎ. ಮಾತಾಡದೆ ಇರಲಿಲ್ಲ, ಕೇಳಿ ಓಗೊಡುವ ರಕ್ತ ಆ ಸಾಲಿನಲ್ಲಿ ಇರಲಿಲ್ಲ.

ಆ ಕೇಂದ್ರವಿರುವ ಹೈದರಾಬಾದಿಗೆ ನಮ್ಮ ವಾಡಿಯಿಂದ ರೈಲಿನಲ್ಲಿ ಸುಮಾರು 200 ಕಿಲೋಮೀಟರು. ಭಾರತದಲ್ಲಿ ಡಿ.ಎನ್.ಎ. ಬೆರಳಚ್ಚಿನ ವಿದ್ಯೆಯನ್ನು ಬೇರೂರಿಸಿದ ಲಾಲ್ಜಿ ಸಿಂಗ್ ಅವರು ದುಡಿದದ್ದು ಅದೇ ನಗರದಲ್ಲಿ. ನಮ್ಮ ರಾಜ್ಯದ ಮುಖ್ಯ ನ್ಯಾಯವಿಜ್ಞಾನ ಪ್ರಯೋಗಾಲಯವು ಬೆಂಗಳೂರಿನ ಮಡಿವಾಳದಲ್ಲಿದೆ. ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಶಾಖೆಯೂ ಇದೆ. ವಿದ್ಯೆಗೆ ಕೊರತೆಯಿಲ್ಲವೆಂದ ಮೇಲೆ, ತಾಲ್ಲೂಕು ಕೇಂದ್ರದ ಶವಾಗಾರದಲ್ಲಿ ಮಾಡಬೇಕಾದುದು ಅತ್ಯಲ್ಪ. ಫಾರ್ಮಲಿನ್ನಿಗೆ ಹೋಗಬೇಕಾದುದು ಹೋಗಲಿ. ಅದಕ್ಕೂ ಮುನ್ನ ಹೆಬ್ಬೆರಳ ತುದಿಯಷ್ಟು ಸ್ನಾಯುವನ್ನು ಕತ್ತರಿಸಿ ಬೇರೆ ಡಬ್ಬಿಯಲ್ಲಿ, ಶುದ್ಧವಾದ ಹರಳುಪ್ಪಿನ ನಡುವೆ ಹೂತಿಡಲಿ. ಉಪ್ಪು ನೀರನ್ನು ಹೀರಿ ಕಿಣ್ವಗಳನ್ನೂ ಸೂಕ್ಷ್ಮಾಣುಗಳನ್ನೂ ತಡೆಯುತ್ತದೆ, ಡಿ.ಎನ್.ಎ.ಯನ್ನು ಮುಟ್ಟುವುದಿಲ್ಲ, ಮಾವಿನಕಾಯಿಗೆ ಉಪ್ಪು ತುಂಬುವ ಅಜ್ಜಿಯಂದಿರಿಗೆ ಈ ತತ್ತ್ವವನ್ನು ಯಾರೂ ವಿವರಿಸಬೇಕಾಗಿಲ್ಲ. ಶುದ್ಧ ಮದ್ಯಸಾರವೂ ಆಗಬಹುದು. ಒಂದು ದವಡೆ ಹಲ್ಲು ಕಾಗದದ ಲಕೋಟೆಯಲ್ಲಿ, ಒಂದು ಹನಿ ರಕ್ತ ನೆರಳಿನಲ್ಲಿ ಒಣಗಿಸಿದ ಶುಭ್ರವಾದ ಅರಿವೆಯ ಮೇಲೆ: ಇಷ್ಟಿದ್ದರೆ, ಕರೆಂಟು ಹೋಗಿ ಶೀತಪೆಟ್ಟಿಗೆ ನಿಂತರೂ, ಮೇ ತಿಂಗಳ ಬಿಸಿಲಿನಲ್ಲಿ ಅಂಚೆ ತಡವಾದರೂ, ಗುರುತು ಕಾಯ್ದುಕೊಂಡಿರುತ್ತದೆ.

ಮನೆಯವರಿಂದ ಆಗಬೇಕಾದುದೂ ಒಂದಿದೆ. ಕಾಣೆಯಾದವನ ದೂರು ಕೊಡಲು ಹೋಗುವಾಗ ಭಾವಚಿತ್ರದ ಜತೆಗೆ, ಆತನು ಬಳಸಿದ ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆ, ಹಿಂದಿನ ದವಾಖಾನೆಯ ಕಾಗದಗಳು ಎಲ್ಲಿವೆಯೆಂಬುದನ್ನು ನೆನಪಿಟ್ಟು ಹೇಳಬೇಕು. ತಾಯಿ, ಅಣ್ಣತಮ್ಮಂದಿರು ರಕ್ತದ ಮಾದರಿ ಕೊಡಲು ಹಿಂಜರಿಯಬಾರದು. ನಮ್ಮ ಕಡೆಯ ಕೆಲವು ಮನೆಗಳಲ್ಲಿ ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ಬೆಳ್ಳಿಯ ತಾಯಿತದಲ್ಲಿ ಮುಚ್ಚಿ ಕೊರಳಿಗೆ ಕಟ್ಟುವ ರೂಢಿಯಿದೆ. ಮಗು ದೊಡ್ಡದಾದ ಮೇಲೆ ಆ ತಾಯಿತ ಅಜ್ಜಿಯ ಟ್ರಂಕಿನೊಳಗೆ, ಹಳೆಯ ಸೀರೆಯ ಮಡಿಕೆಯಲ್ಲಿ ಉಳಿದುಬಿಡುತ್ತದೆ. ಯಾವ ರಸಾಯನವೂ ಸೋಂಕದೆ ಬರಿಯ ಒಣಗಿಕೆಯಿಂದಲೇ ಉಳಿದುಬಂದ ಆ ಚೂರಿನಲ್ಲಿ ಆತನದೇ ಡಿ.ಎನ್.ಎ. ಇರುವುದರಿಂದ, ಯಾರಾದರೂ ಹಾಗೆ ಇಟ್ಟುಕೊಂಡಿದ್ದಲ್ಲಿ ಅದನ್ನು ತೆರೆಯದೆ, ತೊಳೆಯದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತದೆ, ಕಾಗದದ ಲಕೋಟೆಯಲ್ಲಿಟ್ಟು ಠಾಣೆಗೆ ಒಯ್ದು ಕೊಡಬೇಕೆಂದು ಕೋರುತ್ತೇನೆ.